‘ಬರ್ತ್ ಕಂಟ್ರೋಲ್’: ಸರಿಯಾದ ಕನ್ನಡ ಪದ ಯಾವುದು? (ತುರ್ತು)

ಮಾನ್ಯರೇ,
ಅಮೆರಿಕದಲ್ಲಿ ಬರ್ತ್ ಕಂಟ್ರೋಲ್ ಚಳವಳಿ ನಡೆಸಿದ ಮಾರ್ಗರೆಟ್ ಸ್ಯಾಂಗರ್ ಅವರ ಭಾಷಣ, ಬರಹಗಳ ಆಯ್ದ ಭಾಗಗಳನ್ನು ಪ್ರದರ್ಶನವೊಂದಕ್ಕಾಗಿ ಅನುವಾದಿಸುತ್ತಿದ್ದೇನೆ. ಫಲಕಗಳು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. 1914ರಲ್ಲಿ ಅವರ ಗೆಳೆಯರ ಬಳಗ ಹುಟ್ಟಿಸಿದ ‘ಬರ್ತ್ ಕಂಟ್ರೋಲ್’ ಎಂಬ ಮಾತಿನಲ್ಲೇ ಸಿಕ್ಕಿಕೊಂಡಿದ್ದೇನೆ. ‘ಕುಟುಂಬ ಯೋಜನೆ’ ಎಂದು ಬರೆದು ಹೊಡೆದುಹಾಕಿದೆ. ಅದು ನಮ್ಮಲ್ಲಿ 1952ರ ಸರ್ಕಾರಿ ಕಾರ್ಯಕ್ರಮದ ಮಾತು, ಆ ಕಾಲಕ್ಕೆ ಒಗ್ಗುವುದಿಲ್ಲ. ‘ಸಂತಾನ ನಿಯಂತ್ರಣ’ ಸಾಕೇ?

ಉತ್ತರ:
ಸಾಲದು. ಎರಡೂ ಸಂಸ್ಕೃತ. 1916ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನಲ್ಲಿ ಚಿಕಿತ್ಸಾಲಯ ತೆರೆದಾಗ ಆಕೆ ಹಂಚಿದ ಕರಪತ್ರ ಇಂಗ್ಲಿಷ್, ಯಿಡ್ಡಿಷ್ (ಯೆಹೂದಿ ವಲಸಿಗರ ಮಾತು), ಇಟಾಲಿಯನ್ ಮೂರರಲ್ಲೂ ಇತ್ತು. ಓದಬೇಕಾದವರು ವಲಸೆ ಬಂದ ಬಡ ತಾಯಂದಿರು. ಕೊಲ್ಲಬೇಡಿ, ಜೀವ ತೆಗೆಯಬೇಡಿ, ತಡೆಯಿರಿ ಎಂದಷ್ಟೇ ಅದು ಹೇಳಿತು. ಅಂಥ ಮಾತಿಗೆ ‘ನಿಯಂತ್ರಣ’ವೇ? ‘ಹೆರಿಗೆ ಹತೋಟಿ’ ಎನ್ನಿ. ‘ಹೆರು’ ಎಂಬುದು ಹಳಗನ್ನಡದ ‘ಪೆಱು’. ‘ಹಡೆ’ ಎಂಬುದು ‘ಪಡೆ’. ಎರಡಕ್ಕೂ ಮೂಲಾರ್ಥ ಪಡೆಯುವುದು. ಪಡೆಯುವವಳು ತಾಯಿ, ಬೇಕೋ ಬೇಡವೋ ಎಂಬ ತೀರ್ಮಾನವೂ ಅವಳದೇ. ಸ್ಯಾಂಗರ್ ಊರೂರು ತಿರುಗಿ ವಾದಿಸಿದ್ದನ್ನು ನಮ್ಮ ಕ್ರಿಯಾಪದ ಒಳಗೇ ಇಟ್ಟುಕೊಂಡಿದೆ.

ಉತ್ತರ:
‘ಹತೋಟಿ’ ಮರಾಠಿಯ ‘ಹಾತೋಟಿ’. ಅಲ್ಲಿ ಅದಕ್ಕೆ ಕೈಚಳಕ ಎಂಬ ಅರ್ಥ. ಅಚ್ಚಗನ್ನಡದ ವಾದ ಅಲ್ಲಿಗೆ ಮುಗಿಯಿತು.
‘ಹೆರಿಗೆ’ಯೂ ತಪ್ಪು. ಹೆರಿಗೆ ನೋವು, ಹೆರಿಗೆ ರಜೆ, ಹೆರಿಗೆ ಆಸ್ಪತ್ರೆ: ಎಲ್ಲೆಡೆ ಅದು ತುಂಬಿದ ಬಸುರಿ ಹಡೆಯುವ ಗಳಿಗೆಯನ್ನೇ ಹೇಳುತ್ತದೆ. ತಡೆಯಬೇಕಾದದ್ದು ಬಸಿರನ್ನು. ಗರ್ಭಪಾತದಲ್ಲಿ ಹೆಂಗಸರು ಸಾಯುವುದನ್ನು ದಾದಿಯಾಗಿ ಕಣ್ಣಾರೆ ಕಂಡವರು ಸ್ಯಾಂಗರ್. ಆ ಭೇದವನ್ನು ಅಳಿಸುವ ಪದ ಎಷ್ಟು ಅಚ್ಚಗನ್ನಡವಾದರೂ ಬೇಡ. ‘ಗರ್ಭನಿರೋಧ’ವನ್ನು ಸಾಧನಗಳಿಗೆ ಇಟ್ಟುಕೊಳ್ಳಿ. ಚಳವಳಿಗೆ ‘ಜನನ ನಿಯಂತ್ರಣ’. ಬಳಗದವರು ಮೊದಲು ‘ಬರ್ತ್ ರೇಟ್ ಕಂಟ್ರೋಲ್’ ಎಂದು, ಆಮೇಲೆ ನಡುವಿನ ‘ರೇಟ್’ ಕೈಬಿಟ್ಟರೆಂದು ಆಕೆಯೇ ಬರೆದಿದ್ದಾರೆ. ಜನನ ಪ್ರಮಾಣದ ‘ಜನನ’ವೇ ಇದು.

ಉತ್ತರ:
‘ನಿಯಂತ್ರಣ’ ಎಂದೊಡನೆ ನನ್ನ ತಲೆಮಾರಿಗೆ ನೆನಪಾಗುವುದು ತುರ್ತು ಪರಿಸ್ಥಿತಿಯ ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರಗಳು. ಬೆಲೆ ನಿಯಂತ್ರಣ, ಮಲೇರಿಯ ನಿಯಂತ್ರಣ: ಕೈ ಯಾವಾಗಲೂ ಸರ್ಕಾರದ್ದು. ಹಾಗೆಂದು ‘ಸಂತಾನ ನಿಗ್ರಹ’ಕ್ಕೆ ಹೋಗಬೇಡಿ. ನಿಗ್ರಹ ಎಂದರೆ ಇಂದ್ರಿಯ ನಿಗ್ರಹ. 1935ರ ಡಿಸೆಂಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಸ್ಯಾಂಗರ್‌ಗೆ ಹೇಳಿದ ದಾರಿ ಸಂಯಮದ್ದು. ಆಕೆ ಒಪ್ಪದ ದಾರಿಯೂ ಅದೇ. ಎದುರಾಳಿಯ ಪದವನ್ನು ಆಕೆಯ ಬಾಯಿಗೆ ತುರುಕಿದಂತಾಗುತ್ತದೆ.
ಇನ್ನೊಂದು ಮಾತು. ಆಕೆಯ 1922ರ ಪುಸ್ತಕ ‘ದಿ ಪಿವಟ್ ಆಫ್ ಸಿವಿಲೈಸೇಷನ್’ನ ‘ಯೂಜೆನಿಕ್ಸ್’ ಭಾಗಗಳನ್ನೂ ತೆಗೆದುಕೊಂಡಿದ್ದರೆ ‘ಸುಸಂತಾನ’ ಎಂದು ಸಿಹಿ ಸವರಬೇಡಿ. ಯಾರು ಹೆರಬಾರದು ಎಂದು ಎಣಿಸುವ ಮಾತು ಅದು. ‘ಸುಪ್ರಜನನವಾದ’ ಎಂದೇ ಬರೆದು ಅಡಿಯಲ್ಲಿ ವಿವರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಕರಪತ್ರದ ಫಲಕಕ್ಕೆ ‘ಬಸಿರು ತಡೆಯಿರಿ’, ಚಳವಳಿಯ ಹೆಸರಿಗೆ ‘ಜನನ ನಿಯಂತ್ರಣ’ ಎಂದು ಕಳುಹಿಸುತ್ತಿದ್ದೇನೆ. ‘ಸುಪ್ರಜನನವಾದ’ಕ್ಕೆ ಅಡಿಟಿಪ್ಪಣಿ ಇರುತ್ತದೆ.

ಉತ್ತರ:
‘ಬಸಿರು’ ಒಪ್ಪಿದೆ. ಹಳಗನ್ನಡದಲ್ಲಿ ‘ಬಸಿಱ್’ ಎಂದರೆ ಹೊಟ್ಟೆಯೂ ಹೌದು, ತಮಿಳಿನ ‘ವಯಿಱು’ವಿನ ಒಡಹುಟ್ಟು. ಕರಪತ್ರದ ಮೊದಲ ಸಾಲು ತಾಯಂದಿರನ್ನು ಕೇಳಿದ್ದೂ ದೊಡ್ಡ ಸಂಸಾರ ಸಾಕುವ ಶಕ್ತಿ ಇದೆಯೇ ಎಂದೇ. ‘ಹತೋಟಿ’ ಮರಾಠಿಯಿಂದ ಬಂದು ನೂರು ವರ್ಷಗಳ ಮೇಲಾಯಿತು, ಹಳ್ಳಿಯವರ ಬಾಯಲ್ಲಿದೆ. ‘ನಿಯಂತ್ರಣ’ ಇನ್ನೂ ಕಚೇರಿಯಲ್ಲೇ ಕುಳಿತಿದೆ. ‘ಜನನ ನಿಯಂತ್ರಣ’ದ ಫಲಕಕ್ಕೆ ನನ್ನ ಒಪ್ಪಿಗೆ ಇಲ್ಲ.