ವಿಂಡೋಸ್ 10 ತೆಗೆದು ಲಿನಕ್ಸ್ ಮಿಂಟ್ ಹಾಕಿದ ಡಿಟಿಪಿ ಅಂಗಡಿಗೆ ಏನೇನು ಸಾಫ್ಟ್‌ವೇರ್ ಬೇಕು?

ಅಕ್ಷರಮಳಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಎರಡೂ ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 11 ಇವುಗಳನ್ನು ಒಪ್ಪುವುದಿಲ್ಲ. ಒಂದಕ್ಕೆ ಲಿನಕ್ಸ್ ಮಿಂಟ್ 22ರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿಯಾಗಿದೆ. ಇನ್ನೊಂದರಲ್ಲಿ ಸದ್ಯಕ್ಕೆ ವಿಂಡೋಸ್ 10 ಹಾಗೇ ಇದೆ.

ಕೆಲಸ ಇಷ್ಟು: ನುಡಿ ಸಾಫ್ಟ್‌ವೇರಿನಲ್ಲಿ ಬಾಡಿಗೆ ಕರಾರು, ಅಫಿಡವಿಟ್, ಅರ್ಜಿ ಟೈಪಿಂಗ್. ಆನ್‌ಲೈನ್ ಅರ್ಜಿಗಳಿಗೆ ಸ್ಕ್ಯಾನ್ ಮಾಡಿ ಅಪ್‌ಲೋಡ್. ಪಾಸ್‌ಪೋರ್ಟ್ ಸೈಜ್ ಫೋಟೋ. ಆಗಾಗ ಲಗ್ನಪತ್ರಿಕೆ (ಹಳೆಯ ಕೋರೆಲ್‌ಡ್ರಾ ಫೈಲುಗಳಿವೆ). ಲೆಕ್ಕಕ್ಕೆ ಟ್ಯಾಲಿ. ಪ್ರಿಂಟರ್ ಎರಡು: ಕ್ಯಾನನ್ ಎಲ್‌ಬಿಪಿ2900 ಮತ್ತು ಎಪ್ಸನ್ ಎಲ್3110.

ನುಡಿಯ ಹಳೇ ಫೈಲುಗಳನ್ನು ತೆರೆದರೆ ಅಕ್ಷರವೇ ಕಾಣುತ್ತಿಲ್ಲ, ಬರೀ ಕೊಂಬು ಬಾಲ ಹತ್ತಿದ ಇಂಗ್ಲಿಷ್ ಅಕ್ಷರ. ಮೊದಲು ಯಾವ ಸಾಫ್ಟ್‌ವೇರ್ ಹಾಕಬೇಕು, ಯಾವುದರ ಆಸೆ ಬಿಡಬೇಕು?

ಪೆಂಗ್ವಿನ್ ಪುತ್ತೂರು

ಸಾಫ್ಟ್‌ವೇರ್ ಪಟ್ಟಿ ಆಮೇಲೆ ಇರಲಿ ಸರ್. ನಿಮ್ಮ ಅಂಗಡಿಗೆ ತೊಡಕು ಎರಡೇ: ನುಡಿ ಫೈಲುಗಳು ಮತ್ತು ಆ ಕ್ಯಾನನ್ ಪ್ರಿಂಟರ್. ಇವೆರಡು ದಡ ಸೇರಿದರೆ ಮಿಕ್ಕದ್ದು ಒಂದು ಮಧ್ಯಾಹ್ನದ ಕೆಲಸ.

ನಿಮ್ಮ ಫೈಲು ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟುಗಳು ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲ. ಫೈಲಿನೊಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ, ಅಷ್ಟೇ. ವಿಂಡೋಸ್ ಇರುವ ಕಂಪ್ಯೂಟರಿನ ಸಿ ಡ್ರೈವಿನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್. ಅಲ್ಲಿಂದ ನುಡಿ ಹೆಸರಿನ ಟಿಟಿಎಫ್ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಬರಹ ಸಾಫ್ಟ್‌ವೇರಿನ ಬಿಆರ್‌ಎಚ್ ಫಾಂಟುಗಳಿದ್ದರೆ ಅವನ್ನೂ ತನ್ನಿ. ಮಿಂಟ್‌ನಲ್ಲಿ ಒಂದೊಂದನ್ನೂ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಲಿಬ್ರೆಆಫೀಸ್ (ಮಿಂಟ್‌ನಲ್ಲಿ ವರ್ಡ್ ಜಾಗದಲ್ಲಿರುವುದು) ಮುಚ್ಚಿ ತೆರೆದರೆ ಹಳೇ ಕರಾರುಗಳು ಓದಲು, ಪ್ರಿಂಟ್ ತೆಗೆಯಲು ಸಿಗುತ್ತವೆ.

ಅದೇ ಫೈಲಿನಲ್ಲಿ ತಿದ್ದುವುದಿದ್ದರೆ ಒಂದು ಎಚ್ಚರಿಕೆ. ಲಿಬ್ರೆಆಫೀಸ್ ರೈಟರ್ ಪ್ರತಿ ಪ್ಯಾರಾಕ್ಕೂ ಎರಡು ಫಾಂಟ್ ಇಟ್ಟುಕೊಂಡಿರುತ್ತದೆ: ಇಂಗ್ಲಿಷಿಗೆ ವೆಸ್ಟರ್ನ್, ಭಾರತೀಯ ಲಿಪಿಗಳಿಗೆ ಕಾಂಪ್ಲೆಕ್ಸ್. ಹಳೇ ನುಡಿ ಪಠ್ಯ ಅದರ ಕಣ್ಣಿಗೆ ಇಂಗ್ಲಿಷೇ, ಆದ್ದರಿಂದ ನುಡಿ ಫಾಂಟನ್ನು ವೆಸ್ಟರ್ನ್ ಕಡೆಯೇ ಆರಿಸಬೇಕು. ಯುನಿಕೋಡ್ ಕನ್ನಡಕ್ಕೆ ಕಾಂಪ್ಲೆಕ್ಸ್ ಕಡೆ. ಅಕ್ಷರದ ಗಾತ್ರ 14 ಕೊಟ್ಟರೂ ಕನ್ನಡ 12ರಲ್ಲೇ ನಿಂತಿದೆ ಎನ್ನುವ ದೂರಿಗೆ ಕಾರಣ ಬಹುತೇಕ ಇದೇ. ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್ ತೆರೆದರೆ ಎರಡೂ ಕಾಣುತ್ತವೆ. ಕಾಂಪ್ಲೆಕ್ಸ್ ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್, ಜನರಲ್. ಅಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಭಾಷೆ ಕನ್ನಡ ಮಾಡಿ. ಜೊತೆಗೆ ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವುದನ್ನೂ ಉದ್ಧರಣ ಚಿಹ್ನೆ ಬದಲಿಸುವುದನ್ನೂ ಆಫ್ ಮಾಡಿ. ಇಲ್ಲವಾದರೆ ನುಡಿ ಪಠ್ಯದಲ್ಲಿ ಒಂದು ಸಂಕೇತ ಇನ್ನೊಂದಾಗಿ ಅಕ್ಷರವೇ ಬದಲಾಗುತ್ತದೆ, ಅದೂ ಸದ್ದಿಲ್ಲದೆ. ಕರಾರು ಪತ್ರದಲ್ಲಿ ಇದು ಆಟವಲ್ಲ.

ಹೊಸ ಟೈಪಿಂಗ್ ಎಲ್ಲ ಯುನಿಕೋಡ್‌ನಲ್ಲೇ ಇರಲಿ. ಬೆರಳು ಬದಲಾಯಿಸುವ ಕಷ್ಟವಿಲ್ಲ, ನುಡಿ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಹುಡುಕಿ ಹಾಕಿ. ಮೆನುವಿನ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನ ಇನ್‌ಪುಟ್ ಮೆಥಡ್ ಟ್ಯಾಬ್‌ನಲ್ಲಿ ಆ್ಯಡ್ ಒತ್ತಿ, ಕನ್ನಡದಡಿ ಕೆಜಿಪಿ (ನುಡಿಯ ಕಗಪ ಕೀಲಿಮಣೆ) ಸೇರಿಸಿ. ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್ ಒತ್ತಿದರೆ ಇಂಗ್ಲಿಷ್-ಕನ್ನಡ ಬದಲಾಗುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ, ಕನ್ನಡ ಎಂದು ಬಂದರೆ ಕೆಲಸ ಆಯಿತು. ಒತ್ತಿಗೆ ಎಫ್, ಎಲ್ಲ ನಿಮ್ಮ ಹಳೇ ಅಭ್ಯಾಸವೇ.

ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲೂ ಕಗಪ ಹೆಸರಿನದೊಂದು ಸಿಗುತ್ತದೆ, ಅದನ್ನು ಆರಿಸಬೇಡಿ. ಅದು ಹಿಂದಿನ ಅಕ್ಷರ ನೋಡುವುದಿಲ್ಲ. ಪದದ ಮೊದಲಿನ ಸ್ವರಕ್ಕೊಂದು, ವ್ಯಂಜನದ ಮೇಲಿನ ಗುಣಿತ ಚಿಹ್ನೆಗೊಂದು ಎಂದು ಬೇರೆ ಬೇರೆ ಒತ್ತಬೇಕು. ನುಡಿ ರೂಢಿಯವರಿಗೆ ಹತ್ತು ನಿಮಿಷದಲ್ಲಿ ಸಿಟ್ಟು ಬರುತ್ತದೆ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಸಾಕು. ಗುಬ್ಬಿ, ನವಿಲು ಕೂಡ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಇವೆ. ಗಿರಾಕಿ ತಂದ ವರ್ಡ್ ಫೈಲಿನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಇದ್ದರೆ ಬದಲಿ ಫಾಂಟ್ ಬಂದು ಸಾಲು ಜರುಗುತ್ತದೆ, ಎರಡು ಪುಟದ್ದು ಮೂರಾಗುತ್ತದೆ. ಇಂಗ್ಲಿಷ್ ಭಾಗಕ್ಕೆ ಕಾರ್ಲಿಟೋ ಮತ್ತು ಕ್ಯಾಲಡಿಯಾ ಹಾಕಿಕೊಳ್ಳಿ. ಕ್ಯಾಲಿಬ್ರಿ, ಕೇಂಬ್ರಿಯಾಗಳ ಅಳತೆಗೇ ಮಾಡಿದ ಫಾಂಟುಗಳವು, ಸಾಲು ಕದಲುವುದಿಲ್ಲ.

ಟೋನರ್ ತಿಮ್ಮ

ಪ್ರಿಂಟರ್ ವಿಷಯ ನಾನು ಹೇಳ್ತೀನಿ. ಎಪ್ಸನ್ ಸಲೀಸು: ಪ್ರಿಂಟರ್-ಡ್ರೈವರ್-ಇಎಸ್‌ಸಿಪಿಆರ್ ಪ್ಯಾಕೇಜ್ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿ, ಯುಎಸ್‌ಬಿ ಚುಚ್ಚಿ, ಪ್ರಿಂಟರ್ಸ್‌ನಲ್ಲಿ ಆ್ಯಡ್ ಮಾಡಿ. ಸ್ಕ್ಯಾನಿಗೆ ಎಪ್ಸನ್ ತನ್ನ ಸೈಟಿನಲ್ಲಿ ಎಪ್ಸನ್ ಸ್ಕ್ಯಾನ್ 2ರ ಲಿನಕ್ಸ್ ಆವೃತ್ತಿ ಕೊಡುತ್ತದೆ, ಡೆಬ್ ಫೈಲ್ (ಮಿಂಟ್‌ನ ಇನ್‌ಸ್ಟಾಲ್ ಫೈಲ್) ಇಳಿಸಿಕೊಳ್ಳಿ. ಅದು ಬಂದ ಮೇಲೆ ಮಿಂಟ್‌ನದೇ ಡಾಕ್ಯುಮೆಂಟ್ ಸ್ಕ್ಯಾನರ್‌ಗೂ ಸ್ಕ್ಯಾನರ್ ಕಾಣುತ್ತದೆ, ದಿನದ ಕೆಲಸಕ್ಕೆ ಅದೇ ಚುರುಕು.

ಕ್ಯಾನನ್ 2900ಕ್ಕೆ ಹೆಚ್ಚು ಸಮಯ ಸುರಿಯಬೇಡಿ. ಅದು ಮಾಮೂಲಿ ಪ್ರಿಂಟರ್ ಭಾಷೆ ಆಡುವುದಿಲ್ಲ. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸ ಕಂಪ್ಯೂಟರಿನದು, ಕಳಿಸುವ ಭಾಷೆ ಕ್ಯಾನನ್‌ನ ಸ್ವಂತದ ಕ್ಯಾಪ್ಟ್. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದು, 32 ಬಿಟ್ ಲೈಬ್ರರಿ ಕೇಳುತ್ತದೆ, ಹಿನ್ನೆಲೆಯಲ್ಲಿ ಸಿಸಿಪಿಡಿ ಎಂಬ ಪ್ರೋಗ್ರಾಂ ಓಡುತ್ತಲೇ ಇರಬೇಕು. ಕರೆಂಟು ಹೋಗಿ ಬಂದರೆ ಅದು ಪ್ರಿಂಟರನ್ನು ಮತ್ತೆ ಹಿಡಿಯದೆ ಕೂರುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಇದೆಲ್ಲ ಯಾರಿಗೆ ಬೇಕು. ಕ್ಯಾನನ್ ವಿಂಡೋಸ್ ಕಂಪ್ಯೂಟರಿನಲ್ಲೇ ಇರಲಿ. ಮಿಂಟ್‌ನಲ್ಲಿ ಪಿಡಿಎಫ್ ಮಾಡಿ, ಎರಡಕ್ಕೂ ಕಾಣುವ ಒಂದು ಶೇರ್ ಫೋಲ್ಡರಿಗೆ ಹಾಕಿ, ಅಲ್ಲಿಂದ ಪ್ರಿಂಟ್. ಪಿಡಿಎಫ್ ಒಳಗೆ ಫಾಂಟೂ ಕೂತಿರುತ್ತದೆ, ಆ ಕಡೆ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ.

ಮುಂದೆ ಲೇಸರ್ ಕೊಳ್ಳುವಾಗ ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಇದೆಯೇ ನೋಡಿ. ಇದ್ದರೆ ಡ್ರೈವರ್ ಹುಡುಕುವ ಗೊಡವೆಯೇ ಇಲ್ಲ. ಎಚ್‌ಪಿಯ 1020, ಪಿ1007, ಪಿ1008 ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತವೆ, ಲಿನಕ್ಸ್‌ನಲ್ಲಿ ನಡೆಯುತ್ತವೆ ಕೂಡ. ಆದರೆ ಎಚ್‌ಪಿಎಲ್‌ಐಪಿಯ (ಎಚ್‌ಪಿಯ ಲಿನಕ್ಸ್ ಡ್ರೈವರ್) ಪ್ಲಗಿನ್ ಬೇರೆ ಹಾಕಬೇಕು: ಆ ಪ್ರಿಂಟರುಗಳು ಸ್ವಿಚ್ ಹಾಕಿದಾಗಲೆಲ್ಲ ಫರ್ಮ್‌ವೇರನ್ನು ಕಂಪ್ಯೂಟರಿಂದಲೇ ಪಡೆಯುತ್ತವೆ. ಪ್ಲಗಿನ್ ಇಲ್ಲದಿದ್ದರೆ ಕಾಗದ ಅಲ್ಲಾಡುವುದಿಲ್ಲ.

ಅಕ್ಷರಮಳಿಗೆ

ಕೀಲಿಮಣೆ ಬಂತು, ಫಾಂಟೂ ಬಂತು. ಧನ್ಯವಾದ. ಹಳೇ ಕರಾರು ನಮೂನೆಗಳನ್ನು ಬ್ರೌಸರ್‌ನ ಒಂದು ಕನ್ವರ್ಟರ್‌ನಲ್ಲಿ ಯುನಿಕೋಡ್ ಮಾಡಿದರೆ ಅರ್ಕಾವತ್ತು ಅಲ್ಲಲ್ಲಿ ತಪ್ಪು ಜಾಗಕ್ಕೆ ಹೋಗಿದೆ, ನಡುವಿನ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿವೆ. ಇದಕ್ಕೇನು ಮಾಡುವುದು? ಮತ್ತೆ ಪಾಸ್‌ಪೋರ್ಟ್ ಫೋಟೋ ಯಾವುದರಲ್ಲಿ? ವಿಂಡೋಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ಎಂಟು ಫೋಟೋ ಕೂರಿಸುವ ಸಾಫ್ಟ್‌ವೇರ್ ಇತ್ತು.

ಪೆಂಗ್ವಿನ್ ಪುತ್ತೂರು

ಅರ್ಕಾವತ್ತಿನ ತೊಂದರೆ ಕನ್ವರ್ಟರಿನ ಗುಣಮಟ್ಟದ್ದು. "ಕಾರ್ಯ" ಎನ್ನುವುದನ್ನು ನುಡಿಯ ಹಳೇ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆದಿರುತ್ತದೆ: ಮೊದಲು ಯ, ಅದರ ಬಲಕ್ಕೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ರ, ಒತ್ತು, ಯ. ಅರ್ಕಾವತ್ತನ್ನು ಹಿಂದಕ್ಕೆ ಎಷ್ಟು ದಾಟಿಸಬೇಕೆಂದು ಕನ್ವರ್ಟರ್ ಲೆಕ್ಕ ಹಾಕಬೇಕು. ಒತ್ತಕ್ಷರವೂ ಗುಣಿತವೂ ಸೇರಿದಾಗ ಕೆಲವು ಎಡವುತ್ತವೆ. "ಅರ್ಜಿ, ವರ್ಷ, ಪೂರ್ವ, ಕರ್ತವ್ಯ, ಮಾರ್ಗ, ಸ್ವರ್ಣ" ಇಷ್ಟನ್ನು ನುಡಿಯಲ್ಲಿ ಟೈಪಿಸಿ ಹಾಕಿ ನೋಡಿ. ಆರೂ ಸರಿ ಬಂದ ಕನ್ವರ್ಟರನ್ನು ಇಟ್ಟುಕೊಳ್ಳಿ.

ಇಂಗ್ಲಿಷ್ ಹೆಸರಿನ ವಿಷಯಕ್ಕೆ ಕನ್ವರ್ಟರನ್ನು ದೂರುವಂತಿಲ್ಲ. ಪಠ್ಯವನ್ನು ಅಂಟಿಸಿದಾಗ ಫಾಂಟಿನ ಮಾಹಿತಿ ಉದುರಿಹೋಗುತ್ತದೆ, ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ ಕನ್ನಡ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ಪ್ಯಾರಾ ಪ್ಯಾರಾ ಮಾಡಿ, ಇಂಗ್ಲಿಷ್ ತುಣುಕನ್ನು ಬಿಟ್ಟು ನಕಲಿಸಿ. ಟೇಬಲ್ ಇದ್ದರೆ ಒಂದೊಂದೇ ಮನೆಯಾಗಿ.

ಸಾವಿರಾರು ಫೈಲುಗಳಿಗೆ ಕೈ ಹಾಕಬೇಡಿ. ದಿನಾ ಬಳಸುವ ನಮೂನೆಗಳನ್ನು ಮಾತ್ರ ಯುನಿಕೋಡ್ ಮಾಡಿ, ಹೆಸರು, ಸರ್ವೆ ನಂಬರ್, ಮೊತ್ತದ ಸಾಲುಗಳನ್ನು ಹಳೆಯದರ ಪಕ್ಕ ಇಟ್ಟು ಓದಿ. ಅಂಕಿಯನ್ನು ವಿಶೇಷವಾಗಿ ನೋಡಿ. ನುಡಿ 01 ಇ ಫಾಂಟಿನಲ್ಲಿ ಇಂಗ್ಲಿಷ್ ಅಂಕಿ, ನುಡಿ 01 ಕೆ ಫಾಂಟಿನಲ್ಲಿ ಕನ್ನಡ ಅಂಕಿ ಕಾಣುತ್ತಿತ್ತು, ಒಳಗಿನ ಸಂಕೇತ ಒಂದೇ. ಮೂಲ ಫೈಲು ಅಳಿಸಬೇಡಿ.

ಕತ್ತರಿ ಕಲಾವತಿ

ಫೋಟೋಗೆ ಜಿಂಪ್ ಸಾಕು. 35 × 45 ಮಿ.ಮೀ. ಫೋಟೋ 300 ಡಿಪಿಐನಲ್ಲಿ 413 × 531 ಪಿಕ್ಸೆಲ್. 4 × 6 ಇಂಚಿನ ಹಾಳೆ ಅಡ್ಡಲಾಗಿ 1800 × 1200. ಕ್ರಾಪ್ ಟೂಲ್‌ನಲ್ಲಿ ಫಿಕ್ಸ್ಡ್ ಆಸ್ಪೆಕ್ಟ್ ರೇಶಿಯೋಗೆ 35:45 ಕೊಟ್ಟು ಕತ್ತರಿಸಿ. ಸ್ಕೇಲ್ ಇಮೇಜ್‌ನಲ್ಲಿ ರೆಸಲ್ಯೂಶನ್ 300, ಅಳತೆ 413 × 531. ಹಿನ್ನೆಲೆ ಬಣ್ಣ ಬಿಳಿ ಇರಲಿ. ಕ್ಯಾನ್ವಾಸ್ ಸೈಜ್‌ನಲ್ಲಿ ಸರಪಳಿ ಗುರುತು ಬಿಡಿಸಿ 433 × 551 ಮಾಡಿ, ಸೆಂಟರ್ ಒತ್ತಿ, ನಂತರ ಇಮೇಜ್ ಮೆನುವಿನ ಫ್ಲ್ಯಾಟನ್. ಈ ಬಿಳಿ ಅಂಚೇ ಕತ್ತರಿ ಓಡುವ ದಾರಿ. ಆಮೇಲೆ ಫಿಲ್ಟರ್ಸ್, ಮ್ಯಾಪ್, ಟೈಲ್: ಅಗಲ 1732, ಎತ್ತರ 1102. ನಾಲ್ಕರಂತೆ ಎರಡು ಸಾಲು, ಎಂಟು ಫೋಟೋ. ಕೊನೆಗೆ ಕ್ಯಾನ್ವಾಸ್ 1800 × 1200 ಮಾಡಿ ಸೆಂಟರ್, ಇನ್ನೊಮ್ಮೆ ಫ್ಲ್ಯಾಟನ್.

ಎಡವುವುದು ಪ್ರಿಂಟ್ ಹಂತದಲ್ಲಿ. ಪ್ರಿಂಟ್ ಕಿಟಕಿಯಲ್ಲಿ ಕಾಗದ 4 × 6, ಮೀಡಿಯಾ ಟೈಪ್ ಫೋಟೋ ಗ್ಲಾಸಿ, ಇಮೇಜ್ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ 300 ಎಂದೇ ಇರಬೇಕು. ಹಾಳೆಗೆ ಹೊಂದಿಸಲು ಸ್ವಲ್ಪ ಕುಗ್ಗಿದರೂ ಫೋಟೋ 33 ಮಿ.ಮೀ. ಆಗಿಬಿಡುತ್ತದೆ. ಮೊದಲ ಹಾಳೆಯನ್ನು ಸಾದಾ ಕಾಗದದಲ್ಲಿ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. ಮೀಡಿಯಾ ಟೈಪ್ ಪ್ಲೇನ್ ಪೇಪರ್ ಎಂದೇ ಬಿಟ್ಟರೆ ಗ್ಲಾಸಿ ಹಾಳೆಯಲ್ಲಿ ಮುಖ ಮಂಕಾಗುತ್ತದೆ.

ಅಪ್‌ಲೋಡ್‌ಗೆ 50 ಕೆಬಿ ಒಳಗೆ ಕೇಳುತ್ತಾರಲ್ಲ, ಅದಕ್ಕೂ ಜಿಂಪ್‌ನಲ್ಲೇ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂಗೆ ಟಿಕ್ ಹಾಕಿ. ಕ್ವಾಲಿಟಿ ಎಳೆದಂತೆ ಫೈಲ್ ಗಾತ್ರ ಅಲ್ಲೇ ಕಾಣುತ್ತದೆ, ಊಹೆ ಬೇಕಿಲ್ಲ. ಪಿಡಿಎಫ್ ಪುಟ ಸೇರಿಸಲು, ತೆಗೆಯಲು ಪಿಡಿಎಫ್ ಅರೇಂಜರ್. ಪಿಡಿಎಫ್ ಫಾರಮ್ಮಿನ ಮೇಲೆ ಬರೆಯಲು ಜರ್ನಲ್++ (ಹುಡುಕುವಾಗ Xournal++). ಕನ್ನಡ ಪಿಡಿಎಫನ್ನು ಲಿಬ್ರೆಆಫೀಸ್ ಡ್ರಾನಲ್ಲಿ ತೆರೆದು ತಿದ್ದಲು ಹೋಗಬೇಡಿ, ಒತ್ತಕ್ಷರ ಚೆಲ್ಲಾಪಿಲ್ಲಿ ಆಗುವುದೇ ಹೆಚ್ಚು.

ಲಗ್ನಪತ್ರಿಕೆಗೆ ಇಂಕ್‌ಸ್ಕೇಪ್. ಯುನಿಕೋಡ್ ಕನ್ನಡ ಒಡೆಯದೆ ಬರುತ್ತದೆ. ಹಳೇ ಸಿಡಿಆರ್ (ಕೋರೆಲ್‌ಡ್ರಾ) ಫೈಲುಗಳಿಂದ ಬಳ್ಳಿ, ಗಣಪತಿ, ಅಂಚುಗಳನ್ನು ಎತ್ತಿಕೊಳ್ಳಬಹುದು, ಪಠ್ಯ ಮಾತ್ರ ಹೊಸದಾಗಿ ಟೈಪಿಸುವುದೇ ಲೇಸು. ಪುಸ್ತಕದಂಥ ಕೆಲಸ ಬಂದರೆ ಸ್ಕ್ರೈಬಸ್ 1.6. ಹಳೇ 1.4ರಲ್ಲಿ ಕನ್ನಡ ಕೂಡುತ್ತಿರಲಿಲ್ಲ, ಆ ಕಾಲದ ವಿಡಿಯೋ ನೋಡಿ ಸ್ಕ್ರೈಬಸ್ ಬೇಡ ಎನ್ನಬೇಡಿ.

ರೀಬೂಟ್ ರಾಯರು

ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್ ಮೇಲೆ ನಡೆಸುವ ಸಾಫ್ಟ್‌ವೇರ್) ಓಡಿಸಿ ನೋಡುವ ಉಮೇದು ಬೇಡ, ಅದು ಲೆಕ್ಕದ ಪುಸ್ತಕ. ವಿಂಡೋಸ್ ಕಂಪ್ಯೂಟರಿನಲ್ಲೇ ಇರಲಿ, ಅದರ ಇಂಟರ್ನೆಟ್ ಕಡಿದು ಟ್ಯಾಲಿ ಮತ್ತು ಕ್ಯಾನನ್‌ಗೆ ಮಾತ್ರ ಬಿಡಿ. ಬ್ರೌಸರ್ ಕೆಲಸ ಪೂರ್ತಿ ಮಿಂಟ್‌ಗೆ. ಜಿಎಸ್‌ಟಿ ರಿಟರ್ನ್ ಒಬ್ಬರೇ ಮಾಲೀಕರ ಅಂಗಡಿಯಾದರೆ ಒಟಿಪಿ ಮೂಲಕದ ದೃಢೀಕರಣದಲ್ಲೇ (ಇವಿಸಿ) ಮುಗಿಯುತ್ತದೆ. ಕಂಪನಿ, ಎಲ್‌ಎಲ್‌ಪಿಗಳಿಗೆ ಡಿಜಿಟಲ್ ಸಹಿ ಟೋಕನ್ ಬೇಕು. ಅಂಥ ಗಿರಾಕಿಗಳ ಕೆಲಸ ಮಾಡುವಿರಾದರೆ ಟೋಕನ್ನಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮಾರಿದವರನ್ನು ಮೊದಲೇ ಕೇಳಿ.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಒಂದೇ ಹೆಸರಿಗೆ ಸಿಸ್ಟಮ್ ಪ್ಯಾಕೇಜ್, ಫ್ಲ್ಯಾಟ್‌ಪ್ಯಾಕ್ ಎಂದು ಎರಡು ತೋರಿಸಿದರೆ ಸಿಸ್ಟಮ್ ಪ್ಯಾಕೇಜನ್ನೇ ಆರಿಸಿ. ಫ್ಲ್ಯಾಟ್‌ಪ್ಯಾಕ್ ತನಗೆ ಬೇಕಾದ ಲೈಬ್ರರಿಗಳ ಸಂಸಾರವನ್ನೆಲ್ಲ ಹೊತ್ತು ತರುತ್ತದೆ, 240 ಜಿಬಿ ಬೇಗ ತುಂಬುತ್ತದೆ. ಕೆಲವಕ್ಕೆ ಪೆನ್‌ಡ್ರೈವ್, ಬೇರೆ ಡ್ರೈವ್ ಕಾಣುವುದಿಲ್ಲ, ಫ್ಲ್ಯಾಟ್‌ಸೀಲ್ ಹಾಕಿ ಅನುಮತಿ ಕೊಡಬೇಕಾಗುತ್ತದೆ. ಹೊಸ ಆವೃತ್ತಿಯೇ ಬೇಕೆನಿಸಿದ ಒಂದೆರಡಕ್ಕೆ ಮಾತ್ರ ಫ್ಲ್ಯಾಟ್‌ಪ್ಯಾಕ್ ಇರಲಿ. ವಾಟ್ಸಾಪ್‌ಗೆ ಬೇರೆ ಆ್ಯಪ್ ಹುಡುಕಬೇಡಿ, ಮೆನುವಿನ ವೆಬ್ ಆ್ಯಪ್ಸ್‌ನಲ್ಲಿ ವಾಟ್ಸಾಪ್ ವೆಬ್ ವಿಳಾಸ ಕೊಟ್ಟರೆ ಐಕಾನ್ ಆಗುತ್ತದೆ.

ಟೈಮ್‌ಶಿಫ್ಟ್ (ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಸಾಫ್ಟ್‌ವೇರ್) ಇವತ್ತೇ ಆನ್ ಮಾಡಿ: ವಿಧಾನ ಆರ್‌ಸಿಂಕ್, ಉಳಿಸುವ ಪ್ರತಿ ದಿನದ್ದು 2, ವಾರದ್ದು 2. ಅದು ಉಳಿಸುವುದು ಸಿಸ್ಟಮ್ ಮಾತ್ರ, ನಿಮ್ಮ ಹೋಮ್ ಫೋಲ್ಡರಿನ ಕರಾರು ಪತ್ರಗಳನ್ನಲ್ಲ. ಅವಕ್ಕೆ ಮಿಂಟ್‌ನದೇ ಬ್ಯಾಕಪ್ ಟೂಲ್‌ನಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ವಾರಕ್ಕೊಮ್ಮೆ. ಟೈಮ್‌ಶಿಫ್ಟ್ ಕೂಡ ಹೊರಗಿನ ಡಿಸ್ಕಿಗೇ ಹೋಗಬೇಕೆಂದರೆ ಅದರಲ್ಲೊಂದು ಇಎಕ್ಸ್‌ಟಿ4 (ಲಿನಕ್ಸ್ ಬಳಸುವ ಡಿಸ್ಕ್ ಫಾರ್ಮ್ಯಾಟ್) ಭಾಗ ಮಾಡಿಕೊಳ್ಳಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಅದು ಜಾಗವೆಂದು ಒಪ್ಪುವುದಿಲ್ಲ.