ಬೂಟಿನ ಲೇಸಿನ ಗಂಟು: ಸರಗುಣಿಕೆಯೋ, ಜಾರುಗಂಟೋ, ಹೂಗಂಟೋ?

ಗೆಳೆಯರೇ,

ಮೂರನೆಯ, ನಾಲ್ಕನೆಯ ತರಗತಿಯ ಮಕ್ಕಳು ತಾವೇ ಓದಿಕೊಂಡು ಬೂಟಿನ ಲೇಸು ಕಟ್ಟಲು ಕಲಿಯುವಂಥ ಚಿತ್ರಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಬೂಟು, ಶೂ, ಲೇಸು ಎಲ್ಲರ ಬಾಯಲ್ಲೂ ಇರುವ ಪದಗಳು, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ತೊಡಕಿರುವುದು ಗಂಟಿನ ಹೆಸರಲ್ಲಿ.

ಕನ್ನಡದಲ್ಲಿ ಗಂಟಿನ ಪದಗಳಿಗೆ ಬರವಿಲ್ಲ. ಬಿಚ್ಚಲು ಬಾರದ್ದು ಕಗ್ಗಂಟು. ಎಳೆದಷ್ಟೂ ಬಿಗಿಯುವುದು ಉರುಳು. ಎಳೆದರೆ ಸರ್ರನೆ ಬಿಚ್ಚಿಕೊಳ್ಳುವುದನ್ನು ಕೆಲವರು ಸರಗುಣಿಕೆ ಎನ್ನುತ್ತಾರೆ, ಕೆಲವರು ಜಾರುಗಂಟು ಎನ್ನುತ್ತಾರೆ. ಆದರೆ ಸರಗುಣಿಕೆ ಎಂದರೆ ಜಾರಿ ಬಿಗಿಯುವ ಕುಣಿಕೆ ಎಂದು ತಿಳಿಯುವವರೂ ಇದ್ದಾರೆ. ಒಂದೇ ಪದ ಬಿಚ್ಚುವುದಕ್ಕೂ ಬಿಗಿಯುವುದಕ್ಕೂ ನಡೆದರೆ ಕಲಿಯುವ ಮಗು ಏನು ಮಾಡಬೇಕು? ಮೇಲಾಗಿ ಕುಣಿಕೆ ಎಂದೊಡನೆ ನೇಣು ನೆನಪಾಗುತ್ತದೆ. ಮಕ್ಕಳ ಪುಸ್ತಕದಲ್ಲಿ ಅದು ನನಗೆ ಬೇಡ. ಹೆಣ್ಣುಮಕ್ಕಳ ಎರಡು ಜಡೆ ಮಡಚಿ ಟೇಪನ್ನು ಹೂವಿನ ಹಾಗೆ ಕಟ್ಟುತ್ತಾರಲ್ಲ, ಬೂಟಿನ ಮೇಲಿರುವುದೂ ಅದೇ ಗಂಟು. ಹಾಗಾಗಿ ‘ಹೂಗಂಟು’ ಎಂದು ಬರೆದುಕೊಂಡಿದ್ದೇನೆ. ನಿಮ್ಮ ಕಡೆ ಇದಕ್ಕೆ ಬಳಕೆಯ ಹೆಸರೇ ಇದ್ದರೆ ದಯವಿಟ್ಟು ತಿಳಿಸಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನೋಡಲು ಒಂದೇ ಬಗೆಯಾಗಿ ಕಾಣುವ ಹೂಗಂಟಿನಲ್ಲಿ ಎರಡು ಜಾತಿ. ಮೊದಲ ಸುತ್ತಿನಲ್ಲಿ ಬಲಗಡೆಯ ಎಳೆಯನ್ನು ಎಡದ್ದರ ಮೇಲೆ ಹಾಯಿಸಿ, ಕೆಳಗಿನಿಂದ ತೂರಿಸಿ ಬಿಗಿಯುತ್ತೇವೆ ಎನ್ನಿ. ಆಮೇಲೆ ಎರಡೂ ಎಳೆಗಳನ್ನು ಮಡಚಿ ಕಿವಿ ಮಾಡಿ, ಈ ಸಲ ಎಡಗಿವಿಯನ್ನು ಬಲಗಿವಿಯ ಮೇಲೆ ಹಾಯಿಸಿ ಬಿಗಿದರೆ ಗಂಟು ಗಟ್ಟಿ; ಹೂವು ಬೂಟಿಗೆ ಅಡ್ಡಲಾಗಿ ಕೂರುತ್ತದೆ. ಎರಡನೆಯ ಸಲವೂ ಬಲದ್ದನ್ನೇ ಮೇಲೆ ಹಾಯಿಸಿದರೆ ಗಂಟು ತಿರುಚಿಕೊಂಡು, ಹೂವು ಬೆರಳಿನಿಂದ ಹಿಮ್ಮಡಿಯ ಕಡೆಗೆ ಉದ್ದುದ್ದ ನಿಲ್ಲುತ್ತದೆ, ಬೇಗ ಸಡಿಲವಾಗುತ್ತದೆ. ‘ನನ್ನ ಲೇಸು ನಿಲ್ಲುವುದೇ ಇಲ್ಲ’ ಎನ್ನುವ ಮಗುವಿನ ಬೂಟನ್ನು ಮೇಲಿನಿಂದ ನೋಡಿ: ಹೂವು ಉದ್ದುದ್ದ ಇದ್ದರೆ, ಮೊದಲ ಸುತ್ತನ್ನು ಉಲ್ಟಾ ಹಾಕಲು ಹೇಳಿ, ಸಾಕು. ಕಿವಿ ಮಾಡುವ ಕೈ ಅಭ್ಯಾಸವನ್ನು ಬದಲಿಸಬೇಕಾಗಿಲ್ಲ.

ಲೇಸು ಬಿಚ್ಚಿಕೊಳ್ಳುವ ಬಗೆಯನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲಿವರ್ ಒ’ರೈಲಿ ಮತ್ತು ಸಂಗಡಿಗರು 2017ರಲ್ಲಿ ವಿವರಿಸಿದ್ದಾರೆ. ಓಡುವಾಗ ಹೆಜ್ಜೆ ನೆಲಕ್ಕೆ ಬಡಿದೊಡನೆ ಗುರುತ್ವದ ಸುಮಾರು 7 ಪಟ್ಟು ಹೊಡೆತ ಬಿದ್ದು ಗಂಟು ಸಡಿಲಗೊಳ್ಳುತ್ತದೆ; ಕಾಲು ಬೀಸುವಾಗ ಜೋಲಾಡುವ ತುದಿಗಳು ಕೈಯಿಂದ ಎಳೆದಂತೆ ಎಳೆಯುತ್ತವೆ. ಎರಡೂ ಸೇರಿದಾಗ ಗಂಟು ಕೆಲವೇ ಹೆಜ್ಜೆಗಳಲ್ಲಿ ಪೂರ್ತಿ ಬಿಚ್ಚಿಹೋಗುತ್ತದೆ. ಗಟ್ಟಿ ಜಾತಿಯದೂ ಬಿಚ್ಚುವುದುಂಟು, ಆದರೆ ಹೆಚ್ಚು ಹೊತ್ತು ತಾಳುತ್ತದೆ.

ಈ ಎರಡು ಜಾತಿಗಳಿಗೆ ಬೇರೆ ಬೇರೆ ಕನ್ನಡ ಹೆಸರು ನಾನು ಕೇಳಿಲ್ಲ. ಸ್ಕೌಟ್ಸ್‌ನಲ್ಲಿ ಕಲಿತವರು ಗಟ್ಟಿಯಾದದ್ದನ್ನು ‘ರೀಫ್ ನಾಟ್’ ಎಂದೇ ಹೇಳುತ್ತಾರೆ. ‘ಅಡ್ಡಹೂ’, ‘ಉದ್ದಹೂ’ ಎಂದರೆ ಹೇಗೆ? ಸುತ್ತಿನ ದಿಕ್ಕು ಹಿಡಿದು ಹೆಸರಿಟ್ಟರೆ ಶಾಸ್ತ್ರಕ್ಕೆ ಸರಿಯಾದೀತು, ಮಗುವಿನ ಕಣ್ಣಿಗೆ ಕಾಣುವುದಿಲ್ಲ. ಹೂವು ಕೂತ ಬಗೆ ಕಾಣುತ್ತದೆ. ಹೆಸರಿನಲ್ಲೇ ತಪ್ಪು-ಸರಿಯ ಗುರುತೂ ಇರಬೇಕೆಂದು ನನ್ನ ಆಸೆ.

ಉಳಿದ ಪದಗಳು ಇಷ್ಟು ತೊಂದರೆ ಕೊಡುತ್ತಿಲ್ಲ. ಲೇಸು ತೂರಿಸುವ ತೂತಿಗೆ ‘ಕಣ್ಣು’ ಸಾಕು, ಸೂಜಿಗಣ್ಣಿನ ಕಣ್ಣು. ದರ್ಜಿಗಳ ಕಾಜ ಇಲ್ಲಿ ಹೊಂದದು. ಅದು ಗುಂಡಿಗೆಂದು ಸೀಳಿ ಹೊಲಿದದ್ದು. ಒಂದೊಂದು ಕಣ್ಣಿಗೆ ಲೇಸು ಪೋಣಿಸುವುದು ಬೇರೆ, ಬುಡದಿಂದ ಮೇಲಿನವರೆಗೆ ಒಂದು ಕ್ರಮದಲ್ಲಿ ಹೆಣೆಯುವುದು ಬೇರೆ, ಆದ್ದರಿಂದ ಕ್ರಮಕ್ಕೆ ‘ಹೆಣಿಗೆ’ ಎಂದಿದ್ದೇನೆ. ಒಂದರ ಮೇಲೊಂದು ಹಾಯ್ದು ಏರುವುದು ‘ಕತ್ತರಿ ಹೆಣಿಗೆ’. ಅಡ್ಡ ಗೆರೆಗಳಷ್ಟೇ ಮೇಲೆ ಕಾಣುವುದು ‘ಅಡ್ಡ ಹೆಣಿಗೆ’. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಗಣಿತಜ್ಞ ಬರ್ಕಾರ್ಡ್ ಪೋಲ್‌ಸ್ಟರ್ 2002ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಬೂಟಿನ ಎರಡು ಬದಿಗಳನ್ನು ಹೆಚ್ಚು ಬಲವಾಗಿ ಎಳೆದು ಹಿಡಿಯುವವು ಈ ಎರಡೇ. ಪುಸ್ತಿಕೆಯಲ್ಲಿ ಇವೆರಡನ್ನೇ ಕೊಡುತ್ತೇನೆ.

ಲೇಸಿನ ತುದಿಗೆ ಹಾಕಿರುವ ಪ್ಲಾಸ್ಟಿಕ್ ಕೊಳವೆಗೆ ‘ಅಣಸು’ ಎನ್ನಬೇಕೆಂದು ನನಗೆ ಬಲವಾಗಿ ಅನಿಸಿದೆ. ಒನಕೆಯ ತುದಿ ಸೀಳದಂತೆ ಹಾಕುವ ಕಬ್ಬಿಣದ ಬಳೆಗೆ ಇದ್ದ ಹೆಸರದು. ಲೇಸಿನ ಎಳೆ ಬಿಚ್ಚಿಕೊಳ್ಳದಂತೆ ಕಾಯುವ ಕೊಳವೆಯದೂ ಅದೇ ಕೆಲಸ. ಒನಕೆ ಮನೆಗಳಿಂದ ಹೋಗಿರಬಹುದು, ಪದವನ್ನಾದರೂ ಬೂಟಿನಲ್ಲಿ ಉಳಿಸಿಕೊಳ್ಳೋಣ.

ಕೊನೆಯದಾಗಿ ಒಂದು ವಿನಂತಿ. ಗಂಟು ಹಾಕುವುದೇ ಕಸುಬಾಗಿರುವವರ ನಡುವೆ ನಿಮ್ಮಲ್ಲಿ ಯಾರಿಗಾದರೂ ಒಡನಾಟವಿದ್ದರೆ ಕೇಳಿ ಬರೆಯಿರಿ. ಇಳಕಲ್ ಸೀರೆಯ ಒಡಲಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಸೆರಗಿನ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಜೋಡಿಸುವ ನೇಕಾರರು, ಕರಾವಳಿಯಲ್ಲಿ ಬಲೆ ಹೆಣೆಯುವವರು, ಚಪ್ಪಲಿ ಹೊಲಿಯುವವರು ನಿಲ್ಲುವ ಗಂಟನ್ನೂ ತಿರುಚಿಕೊಳ್ಳುವ ಗಂಟನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆಯೇ? ಕರೆಯುವುದಾದರೆ, ಅವರು ಆಡುವ ಹಾಗೆಯೇ, ಊರಿನ ಹೆಸರಿನೊಂದಿಗೆ ಬರೆದು ಕಳಿಸಿ.