ಸಹಾಯ ಬೇಕು: ಜೂನಿಯರ್ ಗೋಲ್‌ಕೀಪರ್‌ನನ್ನು ಅಳೆಯುವುದು ಹೇಗೆ?

ಐಸ್ ಹಾಕಿಯಲ್ಲಿ 17 ವರ್ಷದ ಗೋಲ್‌ಕೀಪರ್ ಒಬ್ಬನ ಬಗ್ಗೆ ವರದಿ ಬರೆಯಬೇಕಿದೆ. ಫಾರ್ವರ್ಡ್‌ಗಳನ್ನು ನೋಡಿ ಅಭ್ಯಾಸವಿದೆ, ಗೋಲ್‌ಕೀಪರ್ ಇದೇ ಮೊದಲು. ಹುಡುಗ ಎತ್ತರ ಇದ್ದಾನೆ, ಬಟರ್‌ಫ್ಲೈಗೆ (ಮೊಣಕಾಲೂರಿ, ಕಾಲುಗಳನ್ನು ಎರಡೂ ಬದಿಗೆ ಚಾಚಿ ಗೋಲ್‌ನ ಕೆಳಭಾಗ ಮುಚ್ಚುವ ಭಂಗಿ) ಚುರುಕಾಗಿ ಇಳಿಯುತ್ತಾನೆ. ಆದರೆ ಪ್ಯಾಡ್‌ಗೆ ಬಡಿದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಮತ್ತೆ ಎದುರಾಳಿಯ ಸ್ಟಿಕ್‌ಗೇ ಹೋಗುತ್ತದೆ. ಅಡ್ಡ ಪಾಸ್ ಬಂದರೆ ತಡವಾಗಿ ಹೊರಡುತ್ತಾನೆ, ಆಮೇಲೆ ಗಾಬರಿಯಲ್ಲಿ ಜಾಸ್ತಿ ಜಾರಿಬಿಡುತ್ತಾನೆ. ಇದು ಕಾಲಿನ ಕೆಲಸದ ತಪ್ಪಾ, ಆಟ ಓದುವುದರಲ್ಲೇ ಕೊರತೆಯಾ? ಮೊದಲನೆಯದಾದರೆ ತರಬೇತಿಯಲ್ಲಿ ಸರಿಹೋಗುತ್ತದೆ, ಎರಡನೆಯದೇ ನನ್ನ ಚಿಂತೆ.

ಸೇವ್ ಪರ್ಸೆಂಟೇಜ್ (ಗೋಲ್‌ಗೆ ಬಂದ ಹೊಡೆತಗಳಲ್ಲಿ ತಡೆದವು ಶೇಕಡಾ ಎಷ್ಟು ಎಂಬ ಲೆಕ್ಕ) ಒಂದನ್ನೇ ನಂಬಲು ಮನಸ್ಸಿಲ್ಲ, ಅವನ ಮುಂದಿನ ಡಿಫೆನ್ಸ್ ತೀರಾ ಸಡಿಲ. ಗೋಲ್‌ಕೀಪರ್‌ಗಳು ಮಾಗುವುದೂ ನಿಧಾನ ಅಲ್ವಾ? ಮುಂದೆ ಹೆಸರಾಂತ ಗೋಲ್‌ಕೀಪರ್ ಆದ ಹೆನ್ರಿಕ್ ಲುಂಡ್‌ಕ್ವಿಸ್ಟ್ ಅಂಥವರೇ 2000ರ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್‌ನ ತಂಡಗಳು ಯುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) 205ನೆಯವರಾಗಿ ಆಯ್ಕೆಯಾದವರು.

ಎಷ್ಟು ಪಂದ್ಯ ನೋಡಿದ ಮೇಲೆ ನೀವು ತೀರ್ಮಾನಕ್ಕೆ ಬರುತ್ತೀರಿ? ಗೋಲ್ ಬಿಟ್ಟ ನಂತರದ ನಿಮಿಷಗಳಲ್ಲಿ ಏನು ಗಮನಿಸುತ್ತೀರಿ? ಅನುಭವ ಇದ್ದವರು ದಯವಿಟ್ಟು ತಿಳಿಸಿ.